ಎರಡು ಸರ್ವರ್‌ಗಳ ನಡುವೆ ಒಂದು ಗೋಡೆ

ಆ ಮಂಗಳವಾರ ಬೆಳಿಗ್ಗೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಮೊಳಕೆ ಪರೀಕ್ಷೆಯ ಕೋಣೆಯಲ್ಲಿ ನಾವು ಮೂವರಿದ್ದೆವು. ಗೋಡೆಯ ಆಚೆ ಇದ್ದವರನ್ನೂ ಲೆಕ್ಕಕ್ಕೆ ಹಿಡಿದರೆ ಐವರು. ಮೊದಲನೆಯವರು ಗಿರಿಜಕ್ಕ. ದಿನಾ ಹಲಗೇರಿಯಿಂದ ಬಸ್ಸಿಗೆ ಬಂದು, ಗಾಜಿನ ಬಟ್ಟಲಿನಲ್ಲಿ ಒದ್ದೆ ಕಾಗದದ ಮೇಲೆ ಮೊಳೆಯುವ ಬೀಜಗಳನ್ನು ಎಣಿಸುವುದು ಅವರ ಉದ್ಯೋಗ. ಎರಡನೆಯವರು ಕುಪ್ಪೇಲೂರಿನ ನಿಂಗಪ್ಪ ಕಾಕಾ. ಮೂವತ್ತು ವರ್ಷ ಹೊಲದಲ್ಲಿ ಬೀಜದ ಪ್ಲಾಟುಗಳನ್ನು ಕಾಯ್ದು, ಮೊಣಕಾಲು ಮಾತು ಕೇಳುವುದನ್ನು ಬಿಟ್ಟ ಮೇಲೆ ಗೋದಾಮಿನ ಕೀಲಿ ಹಿಡಿದವರು. ಮೂರನೆಯವನು ನಾನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಯಾರ ಕಂಪ್ಯೂಟರ್ ಕೈ ಎತ್ತಿದರೂ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುವವನು. ಉಳಿದಿಬ್ಬರು ಮನುಷ್ಯರಲ್ಲ, ಸರ್ವರ್‌ಗಳು. ಎರಡನ್ನೂ ಎರಡು ವರ್ಷದ ಹಿಂದೆ ನಾನೇ ಕೈಯಾರೆ ಕೂರಿಸಿದ್ದೆ. ಆ ಬೆಳಿಗ್ಗೆ ಎರಡೂ ಒಟ್ಟಿಗೆ ಮಾತು ಬಿಟ್ಟಿದ್ದವು.

ನನ್ನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನನಗೆ ಐವತ್ತರ ಆಸುಪಾಸು, ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಹೆಣ್ಣು ನೋಡಲು ಹೋದ ಮೂರು ಕಡೆಯೂ ಅವರ ಮನೆಯ ಟಿವಿ ರಿಪೇರಿ ಮಾಡಿಕೊಟ್ಟು ಬಂದಿದ್ದೇನೆ, ಅಷ್ಟೇ ನೆನಪು. ಮೂರೂ ಟಿವಿಗಳು ಬಹಳ ವರ್ಷ ಬಾಳಿದವೆಂದು ಕೇಳಿದ್ದೇನೆ. ನನ್ನನ್ನು ಸಾಕಿದ ದೊಡ್ಡವ್ವ ದೇವರಗುಡ್ಡದವಳು, ಮಾತಿನ ಮಲ್ಲಿ. ಅವಳಿದ್ದಾಗ ಮನೆಯಲ್ಲಿ ಮೌನ ಎನ್ನುವ ಪದಾರ್ಥವನ್ನೇ ನಾನು ಕಂಡಿರಲಿಲ್ಲ. ಅವಳು ಹೋದ ಮೇಲೆ ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತಾಯಿತು. ಈಗ ಹಾವೇರಿಯ ನನ್ನ ಎರಡು ಕೋಣೆಯ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ. ಒಂದು ಭಾನುವಾರ ಇಡೀ ದಿನ ಫೋನ್ ಬಾರದಿದ್ದಾಗ ಅದು ಕೆಟ್ಟಿರಬಹುದೆಂಬ ಅನುಮಾನ ಬಂತು. ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿದೆ. ನೀವು ಕರೆ ಮಾಡಿದ ವ್ಯಕ್ತಿ ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ ಎಂದು ಒಂದು ಹೆಣ್ಣುದನಿ ತಿಳಿಸಿತು. ನಿಜ ಹೇಳಬೇಕೆಂದರೆ, ಕ್ಷಣಕಾಲ ಸಂತೋಷವಾಯಿತು.

ಇರಲಿ, ಸರ್ವರ್ ವಿಷಯಕ್ಕೆ ಬರುತ್ತೇನೆ. ಇದನ್ನು ತಿಳಿಯಲು ಕಂಪ್ಯೂಟರ್ ಓದಿರಬೇಕಾಗಿಲ್ಲ. ಒಂದು ಗೋದಾಮು ಇದೆ ಎಂದುಕೊಳ್ಳಿ. ಅದಕ್ಕೆ ಇಬ್ಬರು ಕಾವಲುಗಾರರು, ಕೀಲಿ ಮಾತ್ರ ಒಂದೇ. ಮೊದಲನೆಯವನು ಕೀಲಿ ಇಟ್ಟುಕೊಂಡು ಒಳಗೆ ಕೆಲಸ ಮಾಡುತ್ತಾನೆ. ಎರಡನೆಯವನಿಗೆ ಬಾಗಿಲ ಹೊರಗೆ ಕೂರುವುದೇ ಕೆಲಸ. ಕೂತು ಸುಮ್ಮನಿರುವುದಿಲ್ಲ, ಕ್ಷಣಕ್ಕೊಮ್ಮೆ "ಇದ್ದೀಯಾ?" ಎಂದು ಕೇಳುತ್ತಾನೆ. ಒಳಗಿನವನು "ಇದ್ದೇನೆ" ಎನ್ನುತ್ತಾನೆ. ಹಗಲೂ ರಾತ್ರಿ ಇದೇ ಮಾತುಕತೆ. ಇದಕ್ಕೆಂದೇ ಅವರಿಬ್ಬರ ನಡುವೆ ಗೇಣುದ್ದದ ಒಂದು ನೀಲಿ ವೈರು ಹಾಕಿರುತ್ತೇವೆ. ಹತ್ತು ಕ್ಷಣ ಉತ್ತರ ಬಾರದಿದ್ದರೆ ಒಳಗಿನವನಿಗೆ ಏನೋ ಆಯಿತು ಎಂದು ತಿಳಿದು ಹೊರಗಿನವನು ಕೀಲಿ ಎತ್ತಿಕೊಂಡು ಕೆಲಸ ಮುಂದುವರಿಸುತ್ತಾನೆ. ಗೋದಾಮು ಎಂದರೆ ಇಲ್ಲಿ ಎರಡೂ ಸರ್ವರ್‌ಗಳಿಗೆ ಸೇರಿದ ಒಂದೇ ಸ್ಟೋರೇಜ್ ಪೆಟ್ಟಿಗೆ, ಮಾಹಿತಿಯೆಲ್ಲ ಅದರೊಳಗೆ. ಈ ಏರ್ಪಾಡನ್ನು ನಾನು ಮೊದಲ ಸಲ ಕೂರಿಸಿದ ದಿನ ಪರದೆಯ ಮೇಲೆ ಆ "ಇದ್ದೀಯಾ, ಇದ್ದೇನೆ" ಸಾಲುಗಳು ಓಡುವುದನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾ ನಿಂತಿದ್ದೆ. ನನ್ನನ್ನು ಹಾಗೆ ಕೇಳುವವರೆಂದರೆ ಖಾನಾವಳಿಯ ಬಸಣ್ಣ ಒಬ್ಬನೇ. ಅವನೂ ಕ್ಷಣಕ್ಕೊಮ್ಮೆ ಕೇಳುವುದಿಲ್ಲ, ಎರಡು ದಿನ ಹೋಗದಿದ್ದರೆ ಮೂರನೆಯ ದಿನ ಕೇಳುತ್ತಾನೆ; ಅದೂ ರೊಟ್ಟಿ ಎಷ್ಟು ತಟ್ಟಬೇಕೆಂದು ಗೊತ್ತಾಗಲಿ ಎಂದು.

ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಗಿರಿಜಕ್ಕನ ಫೋನ್ ಬಂತು.

"ಸರ, ನಿಮ್ಮ ಯಂತ್ರ ಮಾತು ಬಿಟ್ಟೈತ್ರಿ."

"ಯಾವುದ್ರಿ?"

"ಎರಡೂ."

"ಎರಡೂ ಒಮ್ಮೆಲೆ ಬಿಡೂದಿಲ್ರಿ ಅಕ್ಕಾ. ಅದಕ್ಕಂತನ ಎರಡು ಇಟ್ಟದ್ದು."

"ನೀವು ಹಂಗ ಹೇಳಿದ್ದು ಅವಕ್ಕ ತಿಳಿದಿಲ್ಲ ಅನಸ್ತೈತಿ. ಲಗೂ ಬರ್ರಿ."

ಲಗೂ ಹೋಗಲು ಕಾರಣವಿತ್ತು. ಮೇ ತಿಂಗಳ ಕೊನೆ, ಮೆಣಸಿನ ಸಸಿ ಮಡಿ ಹಾಕುವ ಕಾಲ. ಬ್ಯಾಡಗಿಯ ಸುತ್ತಲಿನವರು ಬೀಜಕ್ಕೆ ಕಾದಿದ್ದರು. ಆದರೆ ಬೀಜದ ಚೀಲ ಗೇಟು ದಾಟಬೇಕಾದರೆ ಇಂಥ ಲಾಟಿನ, ಅಂದರೆ ಇಂಥ ರಾಶಿಯ, ಬೀಜ ನೂರಕ್ಕೆ ಇಷ್ಟು ಮೊಳೆಯುತ್ತದೆ ಎನ್ನುವ ಚೀಟಿ ಅದಕ್ಕೆ ಅಂಟಿರಬೇಕು. ಆ ಚೀಟಿ ಬರುವುದು ನನ್ನ ಸರ್ವರ್‌ನಿಂದ. ಅದರ ಹಿಂದಿರುವುದು ನಾಲ್ಕು ತಿಂಗಳು ಗಿರಿಜಕ್ಕ ಒಂದೊಂದು ಬಟ್ಟಲಿನ ಮೇಲೆ ಬಗ್ಗಿ ಎಣಿಸಿದ ಎಣಿಕೆ. ಮೆಣಸಿನ ಬೀಜದ ಪರೀಕ್ಷೆ ಹದಿನಾಲ್ಕು ದಿನದ್ದು; ಅವಸರ ಮಾಡಿದರೆ ಬೀಜ ಕೇಳುವುದಿಲ್ಲ. ಎಣಿಕೆ ಕಳೆದುಹೋದರೆ ಎಲ್ಲ ಲಾಟುಗಳನ್ನೂ ಮತ್ತೆ ಬಿತ್ತಿ ಮತ್ತೆ ಹದಿನಾಲ್ಕು ದಿನ ಕೂರಬೇಕು. ಅಷ್ಟರಲ್ಲಿ ಮಡಿ ಹಾಕುವವರು ಬೇರೆ ಕಂಪನಿಯ ಬೀಜ ತಂದು ಹಾಕಿ ನೀರು ಬಿಟ್ಟಿರುತ್ತಾರೆ.

ಇನ್ನೊಂದು ಮಾತಿದೆ, ಅದನ್ನು ಹೇಳಲು ಸ್ವಲ್ಪ ನಾಚಿಕೆ. ಗಿರಿಜಕ್ಕ ಮೊದಲು ಎಲ್ಲವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಸರ್ವರ್ ಕೂರಿಸಿದ ದಿನ ಆ ರಿಜಿಸ್ಟರನ್ನು ಅವರ ಮೇಜಿನಿಂದ ಎತ್ತಿಸಿದವನು ನಾನೇ. "ಒಂದು ಸತ್ತರ ಇನ್ನೊಂದು ಇರ್ತೈತ್ರಿ ಅಕ್ಕಾ, ಎರಡೂ ಸಾಯಾಕ ಹೆಂಗ ಸಾಧ್ಯ" ಎಂದು ನಕ್ಕಿದ್ದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆತು, ನಿಮ್ಮ ಮಾತಿನ ಮ್ಯಾಲೆ ಬಿಟ್ಟೆ" ಅಂದಿದ್ದರು. ಅಂದಿನಿಂದ ಕಾಗದದ ಮೇಲೆ ಒಂದಕ್ಷರ ಬರೆದವರಲ್ಲ. ನನ್ನ ಮಾತಿನ ಮೇಲೆ ಯಾರಾದರೂ ಏನನ್ನಾದರೂ ಬಿಟ್ಟದ್ದು ಬಹಳ ಅಪರೂಪ, ಹಾಗಾಗಿ ಆ ವಾಕ್ಯ ನನಗೆ ಚೆನ್ನಾಗಿ ನೆನಪಿದೆ. ಬಸ್ಸಿನಲ್ಲಿ ಹಾವೇರಿಯಿಂದ ರಾಣೆಬೆನ್ನೂರಿನವರೆಗೂ ಅದೇ ನೆನಪಿತ್ತು.

ನಾನು ಹೋದಾಗ ಗೇಟಿನಲ್ಲಿ ಎರಡು ಲಾರಿ ನಿಂತಿದ್ದವು. ಡ್ರೈವರುಗಳು ಬೇವಿನ ಗಿಡದ ಕೆಳಗೆ ಅಂಗಾತ ಬಿದ್ದಿದ್ದರು. ಗಿರಿಜಕ್ಕ ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು. ಕಾಕಾ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಡಾಕ್ಟರು ಏನು ಹೇಳುತ್ತಾರೋ ಎಂದು ಕಾಯುವ ಮನೆಯವರ ಹಾಗೆ, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು. ನಾನು ಚೀಲದಿಂದ ಕನ್ನಡಕ ತೆಗೆದು ಒರೆಸಿದೆ. ಕನ್ನಡಕ ಒರೆಸುವುದು ನಮ್ಮ ಕಸುಬಿನಲ್ಲಿ ಬಹಳ ಉಪಯೋಗದ ಕೆಲಸ. ಏನು ಮಾಡಬೇಕೆಂದು ತೋಚದಿದ್ದಾಗ ನೋಡುವವರಿಗೆ ಧೈರ್ಯ ಬರುತ್ತದೆ.

ಗಿರಿಜಕ್ಕನ ಕಂಪ್ಯೂಟರಿನಿಂದಲೇ ಮೊದಲ ಸರ್ವರ್‌ನೊಳಗೆ ಇಣುಕಿದೆ. ಸರ್ವರ್‌ಗಳು ದಿನಚರಿ ಬರೆಯುತ್ತವೆ. ಮನುಷ್ಯರಿಗಿಂತ ಪ್ರಾಮಾಣಿಕವಾಗಿ, ನಿಮಿಷ ಸಮೇತ. ಎಂಟು ಐವತ್ತೆರಡಕ್ಕೆ ಮೊದಲನೆಯವನು "ಎರಡನೆಯವನು ತೀರಿಕೊಂಡ" ಎಂದು ಬರೆದಿದ್ದ. ಸರಿ, ಎರಡನೆಯವನು ಸತ್ತಿದ್ದಾನೆ ಎಂದುಕೊಂಡೆ. ಆದರೆ ಹೊರಗೆ ಕೂತವನು ಸತ್ತರೆ ಒಳಗಿನವನ ಕೆಲಸ ಯಾಕೆ ನಿಲ್ಲಬೇಕು? ಇದಕ್ಕೆ ಉತ್ತರ ಹುಡುಕುತ್ತಾ ಒಂದು ಗಂಟೆ ಕಳೆದೆ. ಡಿಸ್ಕ್ ಕೆಟ್ಟಿರಬಹುದು ಎಂದೆ, ಕೆಟ್ಟಿರಲಿಲ್ಲ. ಜಾಗ ತುಂಬಿರಬಹುದು ಎಂದೆ, ಅರ್ಧ ಖಾಲಿ ಇತ್ತು. ಬ್ಯಾಡಗಿಯ ಒಂದು ಅಂಗಡಿಯಲ್ಲಿ ಮೆಣಸಿನ ಘಾಟು ಫ್ಯಾನಿಗೆ ಮೆತ್ತಿಕೊಂಡು ಕಂಪ್ಯೂಟರೊಂದು ಬೆಂದು ಹೋಗಿದ್ದ ಹಳೆಯ ಕಥೆ ನೆನಪಾಗಿ ಅದನ್ನು ಪೂರ್ತಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಇಲ್ಲಿನ ಫ್ಯಾನುಗಳು ಚೆನ್ನಾಗಿಯೇ ತಿರುಗುತ್ತಿವೆ ಎಂದು ಪರದೆ ತೋರಿಸಿತು.

ಕಾಕಾ ಮೆಚ್ಚುಗೆಯಿಂದ ನೋಡುತ್ತಿದ್ದರು. "ನಾವು ಹೊಲಕ್ಕ ಹೋಗಿ ಗಿಡ ಮುಟ್ಟಿ ನೋಡದ ರೋಗ ಇಂಥಾದ್ದು ಅಂತ ಹೇಳೂದಿಲ್ರಿ ಸರ. ನೀವು ಆ ಕೋಣಿಗೆ ಕಾಲ ಇಡದ ಇಲ್ಲೇ ಕುಂತು ಎಲ್ಲಾ ನೋಡ್ತೀರಲ್ಲ. ಭಾರಿ ಚಲೋ ವಿದ್ಯಾ."

ಅವರು ವ್ಯಂಗ್ಯ ಮಾಡಿದ್ದಲ್ಲ. ಆ ಮಾತಿನಲ್ಲಿದ್ದ ಬುದ್ಧಿವಾದ ನನ್ನ ಕಿವಿಗೂ ಬೀಳಲಿಲ್ಲ. ಹೌದೆಂದು ತಲೆಯಾಡಿಸಿ ಮುಂದುವರಿದೆ.

ಆಮೇಲೆ, ತಡವಾಗಿಯಾದರೂ, ಸತ್ತವನ ದಿನಚರಿಯನ್ನೂ ನೋಡೋಣ ಎನಿಸಿತು. ಎರಡನೆಯವನ ಬಾಗಿಲು ತಟ್ಟಿದರೆ ಒಳಗಿನಿಂದ ಚೆನ್ನಾಗಿಯೇ ಉತ್ತರ ಬಂತು. ಅವನು ಗಟ್ಟಿಮುಟ್ಟಾಗಿದ್ದ. ಅವನ ದಿನಚರಿಯಲ್ಲೂ ಎಂಟು ಐವತ್ತೆರಡಕ್ಕೆ ಒಂದು ಸಾಲಿತ್ತು: "ಮೊದಲನೆಯವನು ತೀರಿಕೊಂಡ. ಕೀಲಿ ನಾನು ತೆಗೆದುಕೊಂಡಿದ್ದೇನೆ." ಅಂದರೆ ಇಬ್ಬರೂ ಬದುಕಿದ್ದುಕೊಂಡೇ ಒಬ್ಬರ ತಿಥಿಯನ್ನು ಇನ್ನೊಬ್ಬರು ಮಾಡಿ ಮುಗಿಸಿದ್ದರು. ಎರಡು ಕೈ ಒಂದೇ ಹೊತ್ತಿಗೆ ಒಂದೇ ಪುಟದ ಮೇಲೆ ಬರೆಯತೊಡಗಿದರೆ ಪುಟ ಕಲಸಿ ಕೆಲಸ ನಿಲ್ಲದೆ ಇನ್ನೇನಾಗಬೇಕು? ಒಳಗೆ ಏನು ಉಳಿದಿದೆ, ಏನು ಕಲಸಿಹೋಗಿದೆ ಎಂದು ನೋಡುವ ಮೊದಲು ಇಬ್ಬರಲ್ಲಿ ಒಬ್ಬನನ್ನು ಹೊರಗೆ ಹಾಕಬೇಕಿತ್ತು.

"ಕಾಕಾ, ಒಂದು ಉಪಕಾರ ಮಾಡ್ರಿ. ಹೋಗಿ ಎರಡನೇ ಸರ್ವರ್ ಬಂದ್ ಮಾಡಿ ಬರ್ರಿ."

"ಆತ್ರಿ," ಕಾಕಾ ಎದ್ದರು. ಬಾಗಿಲಲ್ಲಿ ನಿಂತು ಕೇಳಿದರು. "ಸರ್ವರ್ ಕೋಣ್ಯಾಗಿಂದೋ, ಆ ಕೋಣ್ಯಾಗಿಂದೋ?"

"ಆ ಕೋಣಿ ಅಂದ್ರ?"

"ಮೂಲ ಬೀಜದ ಕೋಣಿ."

ನಾನು ಮೊದಲ ಸಲ ಕುರ್ಚಿಯಿಂದೆದ್ದೆ. ಸರ್ವರ್ ಕೋಣೆಗೆ ಹೋಗಿ ನೋಡಿದರೆ ಕಪಾಟಿನಲ್ಲಿ ಎರಡನೆಯವನು ಇರಬೇಕಾದ ಜಾಗದಲ್ಲಿ ಒಂದು ಪೊರಕೆ ಇತ್ತು. ಗೋಡೆಯಲ್ಲಿ ಹೊಸದಾಗಿ ಕೊರೆದ ತೂತಿನ ಮೂಲಕ ಒಂದು ದಪ್ಪ ವೈರು ಪಕ್ಕದ ಕೋಣೆಗೆ ಹೋಗಿತ್ತು. ಆ ಕೋಣೆಯಲ್ಲಿ, ಸೀಲ್ ಮಾಡಿದ ಡಬ್ಬಗಳ ನಡುವೆ, ಇಲಿ ಹತ್ತದಂತೆ ತಗಡು ಬಡಿದ ಹಲಗೆಯ ಮೇಲೆ ನನ್ನ ಎರಡನೆಯ ಸರ್ವರ್ ಸುಖವಾಗಿ ಕೂತಿತ್ತು. ಸುತ್ತ ಬೇವಿನ ಎಲೆ ಹರಡಿದ್ದರು.

"ಯಾರು ಇಲ್ಲಿಗೆ ತಂದವರು ಕಾಕಾ?"

"ನಾನ ರೀ, ಭಾನುವಾರ. ಪದ್ಧತಿ ಪ್ರಕಾರ ಬಂದ್ ಮಾಡಿ, ತಂದು, ಚಾಲೂ ಮಾಡೇನಿ." ಕಾಕಾನ ಮುಖದಲ್ಲಿ ಅಪರಾಧದ ಸುಳಿವೇ ಇರಲಿಲ್ಲ, ಬದಲಿಗೆ ನನಗೆ ಮುಜುಗರವಾಗಬಾರದೆಂಬ ಕಾಳಜಿ ಇತ್ತು. "ಮೂಲ ಬೀಜ ನಾವು ಎಂದೂ ಒಂದ ಕಡೆ ಇಡೂದಿಲ್ರಿ. ಅರ್ಧ ಇಲ್ಲಿ, ಅರ್ಧ ಅಲ್ಲಿ. ಇಲಿ ಬಿತ್ತು, ಬೆಂಕಿ ಬಿತ್ತು, ಒಂದು ಹೋದ್ರ ಒಂದು ಉಳೀತೈತಿ. ನೀವು ನೋಡಿದ್ರ ಎರಡನ್ನೂ ಒಂದ ಕಪಾಟಿನ್ಯಾಗ ಒತ್ತಿ ಇಟ್ಟೀರಿ. ಸರ ಶ್ಯಾಣ್ಯಾ ಅದಾರ, ಗಡಿಬಿಡಿಯಾಗ ಮರತಾರ ಅಂತ ನಾನ ಸರಿ ಮಾಡಿದೆ. ಹೇಳಿದ್ರ ನಿಮಗ ಬ್ಯಾಸರ ಆದೀತು ಅಂತ ಸುಮ್ನಿದ್ದೆ."

ನಮ್ಮ ಕಸುಬಿನ ದೊಡ್ಡವರೂ ಇದನ್ನೇ ಹೇಳುತ್ತಾರೆ, ಬಹಳ ದುಡ್ಡು ಕೇಳಿ ಹೇಳುತ್ತಾರೆ. ಕಾಕಾ ಪುಕ್ಕಟೆ ಹೇಳಿದ್ದರು. ತೊಂದರೆಯೆಲ್ಲ ವೈರಿನದು. ಸ್ಟೋರೇಜ್ ಪೆಟ್ಟಿಗೆಯ ದಪ್ಪ ವೈರನ್ನು ನಾನೇ ಅಗತ್ಯಕ್ಕಿಂತ ಉದ್ದ ತಂದು ಸುರುಳಿ ಸುತ್ತಿಟ್ಟಿದ್ದೆ, ಅದು ಗೋಡೆ ದಾಟಿತು. ಗೇಣುದ್ದದ ನೀಲಿ ವೈರು, ಇಬ್ಬರೂ ಮಾತಾಡಿಕೊಳ್ಳುವ ವೈರು, ದಾಟಲಿಲ್ಲ.

"ಅದು ಗಿಡ್ಡ ಬಿತ್ರಿ," ಅಂದರು ಕಾಕಾ. "ಅದಕ್ಕ ಆಫೀಸಿನ ಕಂಪ್ಯೂಟರ್ ಎಲ್ಲಾ ಕೂಡಿದ್ದು ಆ ಮಿಣುಕು ದೀಪದ ಡಬ್ಬಿ ಐತಲ್ಲ, ಅದರಾಗ ಎರಡರದೂ ಒಂದೊಂದು ವೈರ್ ಸಿಗಿಸಿದೆ. ತೂತು ಬರೋಬ್ಬರಿ ಕುಂತ್ವು."

ಆ ಮಿಣುಕು ದೀಪದ ಡಬ್ಬಿಗೆ ಬ್ಯಾಟರಿ ಇರಲಿಲ್ಲ. ಚಹಾದ ಕೆಟಲ್ ಜೊತೆ ಒಂದೇ ಬೋರ್ಡಿನಲ್ಲಿತ್ತು. ಬೆಳಿಗ್ಗೆ ಗಾಳಿಗೆ ಎಲ್ಲೋ ತಂತಿ ತಾಗಿ ಹದಿಮೂರು ನಿಮಿಷ ಕರೆಂಟು ಹೋಗಿತ್ತು. ಸರ್ವರ್‌ಗಳು ಬ್ಯಾಟರಿಯ ಮೇಲೆ ಬದುಕಿದ್ದವು, ಡಬ್ಬಿ ಆರಿಹೋಯಿತು. "ಇದ್ದೀಯಾ?" ಎಂದವನಿಗೆ ಉತ್ತರ ಬರಲಿಲ್ಲ. "ಇದ್ದೇನೆ" ಎಂದವನ ದನಿ ಗೋಡೆ ದಾಟಲಿಲ್ಲ.

ಅಷ್ಟರಲ್ಲಿ ಕಂಪನಿಯ ಮಾಲೀಕರಾದ ಸಾಹುಕಾರರ ಫೋನ್ ಬಂತು. ಅವರು ಬ್ಯಾಡಗಿಯಲ್ಲಿದ್ದರು. ಬ್ಯಾಡಗಿಯಲ್ಲಿ ಇದ್ದಾರೆಂದು ಅವರು ಹೇಳಬೇಕಾಗಿಲ್ಲ, ಎರಡು ಮಾತಿಗೊಂದು ಸೀನು ಬರುತ್ತದೆ.

"ಏನಾತ್ರೀ ಸರ? ಲಾರಿ ನಿಂತಾವಂತ."

"ಕಾರಣ ಸಿಕ್ಕೈತ್ರಿ."

"ಯಾರ ತಪ್ಪು?"

ಕಾಕಾ ನನ್ನ ಎದುರಿಗೇ ನಿಂತಿದ್ದರು. ಟೊಪ್ಪಿಗೆ ಕೈಯಲ್ಲಿತ್ತು. ತಮ್ಮ ಬಗ್ಗೆ ಮಾತು ನಡೆದಿದೆ ಎಂದು ಆಗ ಅವರಿಗೆ ಮೊದಲ ಸಲ ಹೊಳೆಯಿತೆಂದು ಕಾಣುತ್ತದೆ. ಕಣ್ಣು ನನ್ನ ಮೇಲಿಂದ ಜಾರಿ ನೆಲಕ್ಕಿಳಿಯಿತು.

ಈಗ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಮ್ಮ ಈ ಏರ್ಪಾಡಿನಲ್ಲಿ ಇನ್ನೊಂದು ಕಟ್ಟುನಿಟ್ಟು ಇರುತ್ತದೆ. ಕೀಲಿ ಎತ್ತಿಕೊಳ್ಳುವ ಮುಂಚೆ ಹೊರಗಿನವನು ಒಳಗಿನವನ ಕರೆಂಟನ್ನು ತಾನೇ ಕಿತ್ತುಹಾಕಬೇಕು. ಅವನು ಸತ್ತಿದ್ದಾನೆಂದು ನಂಬಿದರೆ ಸಾಲದು, ಎದ್ದು ಬರದಂತೆ ನೋಡಿಕೊಳ್ಳಬೇಕು. ಕ್ರೂರ ಕ್ರಮವೇ, ಆದರೆ ಪುಟ ಕಲಸುವುದಿಲ್ಲ. ಅದನ್ನು ನಾನು ಹಾಕಿರಲಿಲ್ಲ. ಕೂರಿಸಿದ ದಿನ ಸಂಜೆಯಾಗಿತ್ತು, ಅದೊಂದು ಉಳಿದಿತ್ತು, ಬಸ್ಸು ತಪ್ಪೀತೆಂದು ಮುಂದಿನ ವಾರಕ್ಕೆ ಬಿಟ್ಟೆ. ಆ ಮುಂದಿನ ವಾರ ಎರಡು ವರ್ಷವಾದರೂ ಬಂದಿರಲಿಲ್ಲ. ಹಾವೇರಿಯಲ್ಲಿ ಆ ಬಸ್ಸಿಗಾಗಿ ಯಾರೂ ಕಾದಿರಲಿಲ್ಲ. ಮನೆಗೆ ಹೋಗಿ ನಾನು ಮಾಡಿದ್ದೇನು ಎಂದು ನೆನಪಿಸಿಕೊಂಡರೆ, ಬಾಗಿಲು ತೆರೆದು, ಲೈಟು ಹಾಕಿ, ಕೂತಿದ್ದೆ.

"ನನ್ನದ ರೀ," ಎಂದೆ. "ಒಂದು ಕೆಲಸ ಬಾಕಿ ಇಟ್ಟಿದ್ದೆ."

ಆಚೆಯಿಂದ ಒಂದು ಸೀನು ಬಂತು. "ಬೀಜದ ಲೆಕ್ಕ ಐತೋ, ಹೋತೋ?"

"ಮಧ್ಯಾಹ್ನದೊಳಗ ಹೇಳ್ತೇನ್ರಿ."

ಎರಡನೆಯವನನ್ನು ಬಂದ್ ಮಾಡಿ, ಮೊದಲನೆಯವನಿಗೆ ಮಾತ್ರ ಕೀಲಿ ಕೊಟ್ಟು, ಪೆಟ್ಟಿಗೆಯ ತಪಾಸಣೆಗೆ ಹಚ್ಚಿದೆ. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಅವು ಓಡುವಾಗ ಮಾಡಲು ಏನೂ ಇರುವುದಿಲ್ಲ. ಕನ್ನಡಕ ಎಷ್ಟು ಸಲ ಒರೆಸಬಹುದೋ ಅಷ್ಟು ಸಲ ಒರೆಸಿದೆ. ಗಿರಿಜಕ್ಕ ಬೈದಿದ್ದರೆ ಚೆನ್ನಾಗಿತ್ತು. ಅವರು ಊಟದ ಡಬ್ಬಿ ಬಿಚ್ಚಿ ಮೇಜಿನ ಮೇಲೆ ಕಾಗದ ಹಾಸಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ನನ್ನ ಮುಂದಿಟ್ಟರು.

"ಬ್ಯಾಡ್ರಿ ಅಕ್ಕಾ, ನಿಮಗ ಕಮ್ಮಿ ಆಕ್ಕೈತಿ."

"ತಿನ್ರಿ. ಹೊಟ್ಟಿ ಖಾಲಿ ಇಟಗೊಂಡು ಯಂತ್ರದ ಮುಖಾ ನೋಡಿದ್ರ ಅದೇನು ಹೆದರೂದಿಲ್ಲ."

ತಿಂದೆ. ಬಸಣ್ಣನ ಖಾನಾವಳಿಯಲ್ಲಿ ರೊಟ್ಟಿ ಬಿಸಿಯಾಗಿರುತ್ತದೆ, ಇದು ಆರಿತ್ತು. ಆದರೂ ಇದು ಹೆಚ್ಚು ಹೊತ್ತು ಬಾಯಲ್ಲಿತ್ತು.

ಒಂದೂಕಾಲರ ಸುಮಾರಿಗೆ ತಪಾಸಣೆ ಮುಗಿಯಿತು. ಪೆಟ್ಟಿಗೆ ತೆರೆಯಿತು. ನಾನು ಒಂದೊಂದೇ ಲಾಟಿನ ಸಂಖ್ಯೆ ಕೂಗಿದೆ, ಗಿರಿಜಕ್ಕ ತಲೆಯಾಡಿಸುತ್ತಾ ಬಂದರು. ನಾಲ್ಕು ತಿಂಗಳಿನದು ಇತ್ತು. ನಿನ್ನೆಯದು ಇತ್ತು. ಕರೆಂಟು ಬಂದ ಮೇಲೆ, ಯಂತ್ರಗಳು ಪೂರ್ತಿ ನಿಲ್ಲುವ ಮುಂಚೆ, ಅವರು ಬರೆದಿದ್ದ ಆರು ಲಾಟುಗಳ ಎಣಿಕೆ ಮಾತ್ರ ಕಲಸಿಹೋಗಿತ್ತು. ಒಂದರಲ್ಲಿ ನೂರಕ್ಕೆ ನೂರಾ ಎಂಬತ್ತು ಬೀಜ ಮೊಳೆತಿದ್ದವು.

"ಅಂಥಾ ಬೀಜ ಇದ್ರ ನಾವ್ಯಾಕ ಇಲ್ಲಿ ಇರ್ತಿದ್ವಿ," ಅಂದರು ಗಿರಿಜಕ್ಕ. ಬೆಳಿಗ್ಗೆಯಿಂದ ಅವರು ನಕ್ಕದ್ದು ಅದೇ ಮೊದಲು. ಗೇಟಿನಲ್ಲಿದ್ದ ಲಾರಿಗಳು ಕಾದಿದ್ದು ಆ ಆರು ಲಾಟುಗಳಿಗಾಗಿ. ಅವುಗಳ ಹದಿನಾಲ್ಕನೆಯ ದಿನ ಅಂದೇ. ಎಣಿಸಿ ಬರೆದಾದ ಮೇಲೆ ಬಟ್ಟಲುಗಳನ್ನು ತೊಳೆಯಲು ಹಾಕುವುದು ವಾಡಿಕೆ. ನನ್ನ ಮುಖದ ಬಣ್ಣ ನೋಡಿ ಅವರೇ ಹೇಳಿದರು. "ಹೆದರಬ್ಯಾಡ್ರಿ. ಮಾತು ಬಿಟ್ಟ ಮನ್ಯಾಗ ಯಾರು ಭಾಂಡೆ ತೊಳೀತಾರ? ಹಂಗ ಮೊಳಕಿ ಪೆಟಿಗ್ಯಾಗ ಇಟ್ಟೇನಿ."

ಒಂದು ಲಾಟಿಗೆ ನಾಲ್ಕು ಬಟ್ಟಲು, ಒಂದು ಬಟ್ಟಲಿಗೆ ನೂರು ಬೀಜ. ಇಪ್ಪತ್ನಾಲ್ಕು ಬಟ್ಟಲುಗಳನ್ನು ಮತ್ತೆ ಎಣಿಸಬೇಕಿತ್ತು. ನಾನೂ ಎಣಿಸುತ್ತೇನೆ ಎಂದೆ. ಗಿರಿಜಕ್ಕ ಚಿಮಟ ಕೊಟ್ಟರು. ಎಣಿಸುವುದೆಂದರೆ ಬರೀ ಎಣಿಸುವುದಲ್ಲ ಎಂದು ಆಮೇಲೆ ತಿಳಿಯಿತು. ಮೊಳಕೆ ಬಂದರೆ ಸಾಲದು, ಬೇರು ನೆಟ್ಟಗಿರಬೇಕು, ಎರಡೂ ಎಲೆ ಬಿಚ್ಚಿರಬೇಕು. ಸೊಟ್ಟ ಬೇರಿನದು ಬೇರೆ ಲೆಕ್ಕ, ಅರೆಜೀವದ್ದು ಬೇರೆ, ಇನ್ನೂ ನಿದ್ದೆಯಲ್ಲಿರುವುದು ಬೇರೆ. ಮೊದಲ ಬಟ್ಟಲನ್ನು ಮೂರು ಸಲ ಎಣಿಸಿದೆ, ಮೂರು ಉತ್ತರ ಬಂತು. "ನಿಮ್ಮ ಸರ್ವರ್ರ ವಾಸಿ," ಎಂದು ಗಿರಿಜಕ್ಕ ಬಟ್ಟಲು ಕಿತ್ತುಕೊಂಡರು. ಮತ್ತೆ ಮನಸ್ಸು ಕರಗಿ ಇನ್ನೊಂದು ಕೊಟ್ಟರು. ಕಾಕಾ ದೂರದಿಂದಲೇ ಒಂದು ನೋಟ ಹಾಯಿಸಿ "ತೊಂಬತ್ತೊಂದು" ಎನ್ನುತ್ತಿದ್ದರು. ನಾವಿಬ್ಬರೂ ಬಗ್ಗಿ ಎಣಿಸಿದರೆ ತೊಂಬತ್ತೊಂದೇ ಇರುತ್ತಿತ್ತು. ಆ ಪುಟ್ಟ ಹಸಿರು ಎಳೆಗಳ ಮೇಲೆ ಮೂರು ತಲೆ ಕೂಡಿಸಿಕೊಂಡು ನಾವು ಎರಡು ತಾಸು ಕೂತೆವು. ಗಿರಿಜಕ್ಕ ತಮ್ಮ ಮಗಳ ಪರೀಕ್ಷೆಯ ವಿಷಯ ಹೇಳಿದರು. ಕಾಕಾ ಹಿಂದೊಮ್ಮೆ ಮಿಶ್ರ ತಳಿಯಾಯಿತೆಂದು ಇಡೀ ಪ್ಲಾಟನ್ನೇ ಕಿತ್ತುಹಾಕಿಸಿದ ಕಥೆ ಹೇಳಿದರು. ನಾನು ದೊಡ್ಡವ್ವನ ವಿಷಯ ಹೇಳಿದೆ. ಯಾರ ಮುಂದಾದರೂ ಅವಳ ಹೆಸರು ಹೇಳಿ ಎಷ್ಟು ದಿನವಾಗಿತ್ತೋ. ಹದಿನೇಳನೆಯ ಬಟ್ಟಲಿನ ಹೊತ್ತಿಗೆ ನಾನು ಸ್ವಲ್ಪ ನಿಧಾನವಾಗಿ ಎಣಿಸತೊಡಗಿದೆ. ಬೇಕೆಂದೇ ನಿಧಾನ ಮಾಡಿದೆನೆಂದು ಈಗ ಹೇಳಲು ಅಡ್ಡಿಯಿಲ್ಲ.

ನಾಲ್ಕರ ಹೊತ್ತಿಗೆ ಚೀಟಿಗಳು ಅಚ್ಚಾಗಿ ಬಂದವು. ಲಾರಿಗಳು ಹೋದವು. ಕಾಕಾ ಟೊಪ್ಪಿಗೆ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಸರ, ಅದನ್ನ ಮತ್ತ ಮೊದಲಿನ ಕಪಾಟಿಗೆ ತಂದು ಇಡ್ಲೇನ್ರಿ?"

"ಬ್ಯಾಡ ಕಾಕಾ, ಅಲ್ಲೇ ಇರ್ಲಿ. ನೀವು ಇಟ್ಟಿದ್ದ ಬರೋಬ್ಬರಿ ಐತಿ. ನಾನು ವೈರ್ ಉದ್ದ ತರ್ತೇನಿ."

ಮರುದಿನ ಹೋಗಿ ಗೋಡೆಯ ತೂತಿನಲ್ಲಿ ಎರಡು ಉದ್ದನೆಯ ನೀಲಿ ವೈರು ಎಳೆದೆ. ಒಂದು ಕಡಿದರೆ ಇನ್ನೊಂದು ಇರಲೆಂದು. ಎರಡು ವರ್ಷದಿಂದ ಬಾಕಿ ಇದ್ದ ಆ ಕ್ರೂರ ಕ್ರಮವನ್ನೂ ಹಾಕಿದೆ. ಹಾಕಿದ ಮೇಲೆ ಪರೀಕ್ಷಿಸಲು ಮೊದಲನೆಯವನ ಎರಡೂ ನೀಲಿ ವೈರು ಕಿತ್ತೆ. ಎರಡನೆಯವನು ಅವನ ಕರೆಂಟು ತೆಗೆದು, ಕೀಲಿ ಎತ್ತಿಕೊಂಡು, ಕೆಲಸ ಶುರು ಮಾಡಿದ. ಐದು ಸಲ ಮಾಡಿ ನೋಡಿದೆ. ಆರನೆಯ ಸಲ ಮಾಡಲು ಹೋದಾಗ ಗಿರಿಜಕ್ಕ, "ಅದನ್ನ ಎಷ್ಟು ಸಲ ಸಾಯಿಸ್ತೀರಿ, ಸಾಕು ಬಿಡ್ರಿ," ಅಂದರು. ಆ ದಿನ ಬಸ್ಸಿಗೆ ಅವಸರ ಮಾಡಲಿಲ್ಲ.

ಆಗಸ್ಟಿನಲ್ಲಿ ಬ್ಯಾಡಗಿಯ ಅಂಗಡಿಯೊಂದರ ಪ್ರಿಂಟರ್ ನೋಡಿಕೊಂಡು, ರಾಣೆಬೆನ್ನೂರಿಗೂ ಒಂದು ಸುತ್ತು ಹೋದೆ. ಕೆಲಸವೇನಿರಲಿಲ್ಲ, ಸುಮ್ಮನೆ ಹೋದೆ. ಗಿರಿಜಕ್ಕ ಹತ್ತಿಯ ಬೀಜ ಎಣಿಸುತ್ತಿದ್ದರು. ಬಂದದ್ದೇಕೆ ಎಂದು ಕೇಳಿಯಾರೆಂದು ನೇರ ಸರ್ವರ್ ಕೋಣೆಗೆ ಹೋದೆ. ಮೊದಲನೆಯವನ ಮೇಲೆ ಒಂದು ದೀಪವೂ ಇರಲಿಲ್ಲ. ಎರಡನೆಯವನ ದಿನಚರಿ ತೆಗೆದು ನೋಡಿದೆ. ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಹನ್ನೊಂದಕ್ಕೆ ಅವನ ಪವರ್ ಪೆಟ್ಟಿಗೆ ಸುಟ್ಟಿತ್ತು, ಹನ್ನೊಂದು ಕ್ಷಣದಲ್ಲಿ ಗೋಡೆಯಾಚೆಯವನು ಕೆಲಸ ತೆಗೆದುಕೊಂಡಿದ್ದ. ಒಂದು ಎಣಿಕೆಯೂ ತಪ್ಪಿರಲಿಲ್ಲ.

ಹೊರಗೆ ಬಂದು ಗಿರಿಜಕ್ಕನನ್ನು ಕೇಳಿದೆ. "ಅಕ್ಕಾ, ಒಂಬತ್ತು ದಿನದ ಹಿಂದ ಒಂದು ಸರ್ವರ್ ಹೋಗೇತಿ. ನನಗ ಫೋನ್ ಮಾಡಲಿಲ್ಲಲ್ಲ?"

ಅವರು ಬಟ್ಟಲಿನಿಂದ ತಲೆ ಎತ್ತದೆ, ಎಣಿಕೆ ತಪ್ಪದಂತೆ ಚಿಮಟವನ್ನು ಒಂದು ಕಡೆ ಊರಿ ಹಿಡಿದು ಹೇಳಿದರು. "ಏನಂತ ಮಾಡ್ಲಿ ಸರ? ನಮ್ಮ ಕೆಲಸ ನಿಂತ ಇಲ್ಲಲ್ಲ."

ಹೌದೆಂದೆ. ಹೊಸ ಪವರ್ ಪೆಟ್ಟಿಗೆ ಚೀಲದಲ್ಲೇ ಇತ್ತು, ಹಾಕಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಕಾಕಾ ಹೊಲದ ಕಡೆ ಹೋಗಿದ್ದರು. ನಾಲ್ಕೂವರೆಯ ಬಸ್ಸು ಅರ್ಧ ಖಾಲಿ ಇತ್ತು. ಇಬ್ಬರು ಕೂರುವ ಸೀಟಿನಲ್ಲಿ ಒಬ್ಬನೇ ಕೂತು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಹಾವೇರಿಗೆ ಬಂದೆ.